ಒಂದು ನಲ್ಲಿ, ಹತ್ತಾರು ಬಾಗಿಲು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಕಚೇರಿಗೆ ಎಲ್ಲರಿಗಿಂತ ಮೊದಲು ಬಂದವರು ಲಾಗಿನ್ ಒತ್ತುತ್ತಾರೆ, ಪರದೆಯ ಮೇಲೆ ದೋಷದ ಸಂದೇಶ. ಇನ್ನೊಮ್ಮೆ ಒತ್ತಿದರೆ ಏನೂ ಆಗಿಲ್ಲವೆಂಬಂತೆ ತಂತ್ರಾಂಶ ತೆರೆದುಕೊಳ್ಳುತ್ತದೆ. ಐಟಿ ವಿಭಾಗಕ್ಕೆ ಫೋನ್ ಮಾಡಿದರೆ ಬರುವ ಉತ್ತರವೂ ಗೊತ್ತಿದ್ದದ್ದೇ: ಎರಡು ದಿನದಿಂದ ಯಾರೂ ಏನೂ ಮುಟ್ಟಿಲ್ಲ.

ಮುಟ್ಟದೆ ಇದ್ದದ್ದೇ ತೊಂದರೆ. ಬೇರೆ ಸೂಚನೆ ಕೊಡದಿದ್ದರೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸುಮ್ಮನೆ ಕುಳಿತ ಸಂಪರ್ಕವನ್ನು 28,800 ಸೆಕೆಂಡು, ಅಂದರೆ ಸರಿಯಾಗಿ 8 ಗಂಟೆ ಸಹಿಸಿಕೊಳ್ಳುತ್ತದೆ. ಆಮೇಲೆ ತನ್ನ ಕಡೆಯಿಂದ ಕತ್ತರಿಸಿಬಿಡುತ್ತದೆ. ಇತ್ತ ಜಾವಾ ತಂತ್ರಾಂಶಕ್ಕೆ ಅದರ ಸುಳಿವೇ ಇರುವುದಿಲ್ಲ. ಶುಕ್ರವಾರ ಸಂಜೆ ಎತ್ತಿಟ್ಟ ಸಂಪರ್ಕವನ್ನೇ ಸೋಮವಾರ ಮೊದಲು ಬಂದವರ ಕೈಗೆ ಕೊಡುತ್ತದೆ. ಇದಕ್ಕೆ ಮದ್ದು ಒಂದೆರಡು ಸಾಲು: ಕೊಡುವ ಮುನ್ನ ಜೀವ ಇದೆಯೇ ಎಂದು ನೋಡಿ ಕೊಡು. ಆ ಸಾಲನ್ನು ಎಲ್ಲಿ ಬರೆಯಬೇಕು ಎಂಬುದು ಮಾತ್ರ ದೊಡ್ಡ ಕಥೆ.

1997ರಲ್ಲಿ ಜಾವಾ 1.1 ಜೊತೆಗೆ, ಡೇಟಾಬೇಸ್ ಜೊತೆ ಮಾತಾಡುವ ಜೆಡಿಬಿಸಿ ಬಂದಾಗ ಎಲ್ಲವೂ ಪ್ರೋಗ್ರಾಂ ಒಳಗೇ ಇರುತ್ತಿತ್ತು. 'ಕ್ಲಾಸ್.ಫಾರ್‌ನೇಮ್' ಎಂದು ಬರೆದು ಡ್ರೈವರ್ ಹೆಸರು ಕೊಡುವುದು, ಆಮೇಲೆ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್. ಲ್ಯಾಬ್ ಪರೀಕ್ಷೆಗೆ ಬಾಯಿಪಾಠ ಮಾಡಲು ಹೇಳಿ ಮಾಡಿಸಿದಂಥ ನಾಲ್ಕು ಸಾಲು. ಒಂದೇ ಪ್ರೋಗ್ರಾಂ, ಒಂದೇ ಡೇಟಾಬೇಸ್ ಇದ್ದಾಗ ಇದರಲ್ಲಿ ತಪ್ಪೇನೂ ಇರಲಿಲ್ಲ. ಸಾಫ್ಟ್‌ವೇರ್ ಬೆಳೆದು, ಇಪ್ಪತ್ತು ಮೂವತ್ತು ತುಂಡುಗಳಾಗಿ, ಒಂದೊಂದನ್ನು ಬೇರೆ ಬೇರೆ ತಂಡ ನೋಡಿಕೊಳ್ಳತೊಡಗಿದಾಗ ಅದೇ ನಾಲ್ಕು ಸಾಲು ಕೊರಳಿಗೆ ಸುತ್ತಿಕೊಂಡವು.

ತುಂಡುಗಳನ್ನು ಅಚ್ಚುಕಟ್ಟಾಗಿ ಇಡುವ ವ್ಯವಸ್ಥೆ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. 1999ರಲ್ಲಿ ಕೆಲವು ಕಂಪನಿಗಳು ಸೇರಿ ಓಎಸ್‌ಜಿಐ ಎಂಬ ಒಕ್ಕೂಟ ಕಟ್ಟಿದವು. ಆಗ ಅವರ ತಲೆಯಲ್ಲಿದ್ದದ್ದು ಮನೆಯ ಟಿವಿ ಮೇಲಿನ ಪೆಟ್ಟಿಗೆ, ಇಂಟರ್ನೆಟ್ ಗೇಟ್‌ವೇಯಂಥ ಸಣ್ಣ ಉಪಕರಣಗಳು. ಅವುಗಳನ್ನು ಆರಿಸದೆ, ಒಳಗಿನ ಒಂದು ತುಂಡನ್ನಷ್ಟೇ ತೆಗೆದು ಹೊಸದು ಹಾಕಬೇಕಿತ್ತು. 2004ರಲ್ಲಿ ಪ್ರೋಗ್ರಾಂ ಬರೆಯುವ ಸಾಧನವಾದ ಎಕ್ಲಿಪ್ಸ್ ತನ್ನ 3.0 ಆವೃತ್ತಿಯನ್ನು ಇದರ ಮೇಲೆ ಕಟ್ಟಿತು. ಆಮೇಲೆ ಅದು ಸರ್ವರ್‌ಗಳಿಗೂ ಏರಿತು. 2010ರಲ್ಲಿ ಅಪಾಚೆ ಸಂಸ್ಥೆಯ ಸ್ವತಂತ್ರ ಯೋಜನೆಯಾದ ಕರಾಫ್ ಈ ಬಗೆಯ ಕಂಟೇನರ್‌ಗಳಲ್ಲಿ ಹೆಸರುವಾಸಿ. ಮನೆಯ ದೀಪ, ಫ್ಯಾನ್ ನಿಯಂತ್ರಿಸುವ ಓಪನ್‌ಹ್ಯಾಬ್ ಓಡುವುದೂ ಅದರ ಮೇಲೆ, ದೊಡ್ಡ ಜಾಲಗಳನ್ನು ನಿರ್ವಹಿಸುವ ಓಪನ್‌ಡೇಲೈಟ್ ಓಡುವುದೂ ಅದರ ಮೇಲೆ.

ಕರಾಫ್ ಒಳಗಿನ ಬದುಕು ಹಳೆಯ ಬೆಂಗಳೂರಿನ ವಠಾರದಂತೆ. ಒಂದೇ ಕಾಂಪೌಂಡು, ಒಂದೇ ನಲ್ಲಿ, ಆದರೆ ಪ್ರತಿ ಮನೆಗೂ ಅದರದೇ ಬಾಗಿಲು. ಇಲ್ಲಿ ಮನೆಗೆ ಬಂಡಲ್ ಎನ್ನುತ್ತಾರೆ. ಪ್ರತಿ ಬಂಡಲ್‌ಗೂ ಕೋಡ್ ಹುಡುಕಿ ತರುವ ತನ್ನದೇ ಕ್ಲಾಸ್‌ಲೋಡರ್. ತನ್ನಲ್ಲಿರುವ ಯಾವುದನ್ನು ಹೊರಗೆ ಕೊಡುತ್ತೇನೆ, ಯಾವುದನ್ನು ಹೊರಗಿನಿಂದ ತರುತ್ತೇನೆ ಎಂದು ಅದು ಮೊದಲೇ ಬರೆದುಕೊಟ್ಟಿರಬೇಕು. ಬರೆಯದೆ ಇದ್ದರೆ ಪಕ್ಕದ ಮನೆಯಲ್ಲಿ ಏನಿದೆ ಎಂಬುದು ಕಾಣುವುದೇ ಇಲ್ಲ. ಹಾಗಾಗಿ ಬಾಯಿಪಾಠದ 'ಕ್ಲಾಸ್.ಫಾರ್‌ನೇಮ್' ಇಲ್ಲಿ ಮುಗ್ಗರಿಸುತ್ತದೆ. ಡ್ರೈವರ್‌ನ ಜಾರ್ ಫೈಲ್ ಕಣ್ಣೆದುರೇ ಇರುತ್ತದೆ, ಆದರೂ 'ಕ್ಲಾಸ್ ಸಿಗಲಿಲ್ಲ' ಎಂಬ ದೂರು. ಕರಾಫ್‌ಗೆ ಹೊಸಬರಾದವರು ಮೊದಲ ವಾರದಲ್ಲೇ ಎಡವುವ ಹೊಸಿಲು ಇದು.

ಎಡವಿದವರು ಅಡ್ಡದಾರಿಗಳನ್ನೂ ಕಂಡುಕೊಂಡರು. ಡ್ರೈವರನ್ನು ಕಂಟೇನರ್‌ನ 'ಲಿಬ್' ಫೋಲ್ಡರಿಗೇ ಎಸೆಯುವುದು ಒಂದು. ಪ್ರತಿ ಬಂಡಲ್ ಹೊಟ್ಟೆಯಲ್ಲೂ ಒಂದೊಂದು ಪ್ರತಿ ತುರುಕುವುದು ಇನ್ನೊಂದು. ಏನು ಬೇಕಾದರೂ ಎಲ್ಲಿಂದ ಬೇಕಾದರೂ ತಂದುಕೋ ಎಂದು ನಕ್ಷತ್ರ ಚಿಹ್ನೆ ಹಾಕಿ ಅನುಮತಿ ಕೊಡುವುದು ಮೂರನೆಯದು. ಮೂರೂ ಕೆಲಸ ಮಾಡುತ್ತವೆ, ಅದೇ ದುರದೃಷ್ಟ. ಗೋಡೆ ಒಡೆದುಕೊಂಡೇ ಬದುಕುವುದಾದರೆ ವಠಾರಕ್ಕೆ ಬಾಡಿಗೆ ಕೊಟ್ಟು ಬಂದದ್ದು ಯಾಕೆ?

ನೇರ ದಾರಿ ತೆರೆದದ್ದು 2010ರಲ್ಲಿ. ಆ ವರ್ಷದ ಓಎಸ್‌ಜಿಐ ಎಂಟರ್‌ಪ್ರೈಸ್ ನಿಯಮಾವಳಿ 'ಡೇಟಾಸೋರ್ಸ್ ಫ್ಯಾಕ್ಟರಿ' ಎಂಬ ಸೇವೆಯನ್ನು ಪರಿಚಯಿಸಿತು. ಡ್ರೈವರ್ ಬಂಡಲ್ ಎದ್ದ ಕೂಡಲೇ ನಾನಿದ್ದೇನೆ, ನನ್ನ ಹೆಸರು ಇದು ಎಂದು ಎಲ್ಲರೂ ನೋಡುವ ಪಟ್ಟಿಯಲ್ಲಿ ಬರೆಸುತ್ತದೆ. ಬೇಕಾದವರು ಹೆಸರು ಹಿಡಿದು ಕೇಳಿದರಾಯಿತು, ಅದರ ಮನೆಯೊಳಗೆ ಇಣುಕಬೇಕಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡ್ರೈವರ್ ಈ ಮರ್ಯಾದೆಯನ್ನು ತಾನೇ ಪಾಲಿಸುತ್ತದೆ. ಪಾಲಿಸದ ಡ್ರೈವರ್‌ಗಳ ಪರವಾಗಿ ಪ್ಯಾಕ್ಸ್ ಜೆಡಿಬಿಸಿ ಎಂಬ ಮುಕ್ತ ತಂತ್ರಾಂಶ ಮಧ್ಯಸ್ಥಿಕೆ ವಹಿಸುತ್ತದೆ.

ಇದರ ಮೇಲೆ ನಿಂತ ವ್ಯವಸ್ಥೆ ನೋಡಲು ತೀರಾ ಸಾದಾ. ಕರಾಫ್‌ನ 'ಇಟಿಸಿ' ಫೋಲ್ಡರಿನಲ್ಲಿ ಒಂದು ಪಠ್ಯ ಕಡತ. ಹೆಸರು 'ಆರ್ಗ್.ಆಪ್ಸ್4ಜೆ.ಡೇಟಾಸೋರ್ಸ್' ಎಂದು ಆರಂಭವಾಗಿ, ಒಂದು ಅಡ್ಡಗೆರೆಯ ನಂತರ ಇಟ್ಟವರ ಇಷ್ಟದ ಹೆಸರು ಸೇರಿ, 'ಸಿಎಫ್‌ಜಿ' ಎಂದು ಮುಗಿಯುತ್ತದೆ. ಒಳಗೆ ಡ್ರೈವರ್‌ನ ಹೆಸರು, ಡೇಟಾಬೇಸ್ ವಿಳಾಸ, ಬಳಕೆದಾರ, ಪಾಸ್‌ವರ್ಡ್, ಡೇಟಾಸೋರ್ಸ್‌ಗೆ (ಸಂಪರ್ಕ ಒದಗಿಸುವ ಸೇವೆಗೆ) ಇಟ್ಟ ಹೆಸರು, ಯಾವ ಪೂಲ್ ಬಳಸಬೇಕು ಎಂಬ ಸೂಚನೆ. ಆರೇಳು ಸಾಲು, ಅಷ್ಟೇ. ಸೋಮವಾರದ ಮದ್ದೂ ಇದೇ ಕಡತದಲ್ಲಿ 'ಪೂಲ್' ಎಂದು ಶುರುವಾಗುವ ಸಾಲಾಗಿ ಸೇರುತ್ತದೆ. ಪ್ರೋಗ್ರಾಂ ಬರೆದವರಿಗೆ ಡೇಟಾಬೇಸ್ ಎಲ್ಲಿದೆ ಎಂದು ತಿಳಿದಿರಬೇಕಿಲ್ಲ. ಸರ್ವರ್ ನೋಡಿಕೊಳ್ಳುವವರಿಗೆ ಜಾವಾ ಬರಬೇಕಿಲ್ಲ. ಪಾಸ್‌ವರ್ಡನ್ನು ಅದರಲ್ಲಿ ಬೆತ್ತಲೆಯಾಗಿ ಬಿಡುವುದು ಕೆಟ್ಟ ಅಭ್ಯಾಸ. ಗೂಢಲಿಪಿಯಲ್ಲಿ ಬರೆದು ಕೀಲಿಯನ್ನು ಬೇರೆ ಕಡೆ ಇಡಲು ಪ್ಯಾಕ್ಸ್‌ನಲ್ಲೇ ದಾರಿಯಿದೆ. ಬಳಸುವ ಶ್ರಮ ತೆಗೆದುಕೊಳ್ಳಬೇಕು, ಅಷ್ಟೆ.

ಪೂಲ್ ಎಂದರೆ ಪಾತ್ರೆ ಬಾಡಿಗೆ ಅಂಗಡಿ. ಪ್ರತಿ ಮದುವೆಗೂ ಹೊಸ ಹಂಡೆ ಎರಕ ಹೊಯ್ಯಿಸುವುದಿಲ್ಲ. ಅಂಗಡಿಯಿಂದ ತಂದು, ಬಳಸಿ, ತೊಳೆದು ಹಿಂದಿರುಗಿಸುತ್ತಾರೆ. ಡೇಟಾಬೇಸ್ ಸಂಪರ್ಕವೂ ಹಾಗೆಯೇ ದುಬಾರಿ. ಪೋಸ್ಟ್‌ಗ್ರೆಸ್‌ನಲ್ಲಂತೂ ಒಂದೊಂದು ಸಂಪರ್ಕಕ್ಕೂ ಪ್ರತ್ಯೇಕ ಪ್ರಕ್ರಿಯೆಯೇ ಹುಟ್ಟಬೇಕು. ಅಪಾಚೆಯ ಡಿಬಿಸಿಪಿ 2 ಪೂಲ್ ತಾನಾಗಿ 8 ಸಂಪರ್ಕಗಳವರೆಗೆ ಇಟ್ಟುಕೊಳ್ಳುತ್ತದೆ, ಹಿಕಾರಿ 10. ಸಣ್ಣ ಸಂಖ್ಯೆ ಎನಿಸಿ ಹಲವರು ಐವತ್ತು, ನೂರು ಎಂದು ಬರೆದುಬಿಡುತ್ತಾರೆ. ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಐದು ಡೇಟಾಸೋರ್ಸ್ ಕಡತ, ಪ್ರತಿಯೊಂದಕ್ಕೂ ಹತ್ತರ ಪೂಲ್, ಅಂಥ ಮೂರು ಕರಾಫ್ ಸರ್ವರ್: 150 ಸಂಪರ್ಕ. ಪೋಸ್ಟ್‌ಗ್ರೆಸ್ ತಾನಾಗಿ ಒಪ್ಪುವುದು 100, ಅದರಲ್ಲೂ 3 ಯಜಮಾನನಿಗೆ ಮೀಸಲು. ಮಿತಿ ಪೂರ್ತಿ ತುಂಬಿದಾಗ ಅದು ಕೊಡುವ ಸಂದೇಶ ಶುರುವಾಗುವುದೇ 'ಕ್ಷಮಿಸಿ' ಎಂಬರ್ಥದ ಇಂಗ್ಲಿಷ್ ಪದದಿಂದ. ಡೇಟಾಬೇಸ್‌ಗಳಲ್ಲಿ ಇಷ್ಟು ಸಂಭಾವಿತರು ಕಡಿಮೆ.

ಹಂಡೆ ಹಿಂದಿರುಗಿಸದವರ ಕಥೆಯೇ ಬೇರೆ. ಸಂಪರ್ಕ ಪಡೆದ ಪ್ರೋಗ್ರಾಂ ನಡುವೆ ದೋಷ ಕಂಡು ಹೊರಬಿದ್ದರೆ, 'ಕ್ಲೋಸ್' ಎಂಬ ಸಾಲು ತಲುಪುವುದೇ ಇಲ್ಲ. ಎಂಟು ಸಲ ಹೀಗಾದರೆ ಎಂಟರ ಪೂಲ್ ಖಾಲಿ, ಒಂಬತ್ತನೆಯವರು ಬಾಗಿಲಲ್ಲಿ. 2011ರ ಜಾವಾ 7 ಬ್ಲಾಕ್ ಮುಗಿದೊಡನೆ ಸಂಪರ್ಕವನ್ನು ತಾನೇ ಮುಚ್ಚುವ 'ಟ್ರೈ' ರೂಪವನ್ನು ಕೊಟ್ಟಿತು. ಹಳೆಯ ಕೋಡ್‌ನಲ್ಲಿ ಇನ್ನೂ ಅದು ಕಾಣುವುದಿಲ್ಲ.

ಎರಡು ಕಡೆ ಒಟ್ಟಿಗೆ ಬರೆಯಬೇಕಾದ ಎಕ್ಸ್‌ಎ ವ್ಯವಹಾರಕ್ಕೂ ಇದೇ ಕಡತದಲ್ಲಿ ಒಂದು ಸಾಲಿದೆ. ಪೋಸ್ಟ್‌ಗ್ರೆಸ್ ಬಳಸುವವರು ಅಲ್ಲಿನ 'ಮ್ಯಾಕ್ಸ್ ಪ್ರಿಪೇರ್ಡ್ ಟ್ರಾನ್ಸಾಕ್ಷನ್ಸ್' ಎಂಬ ಅಂಕಿಯನ್ನೂ ನೋಡಬೇಕು. ಅದು ಸೊನ್ನೆಯಾಗಿ ಬರುತ್ತದೆ, ಸೊನ್ನೆಯಿದ್ದರೆ ಎಕ್ಸ್‌ಎ ನಡೆಯದು.

ಇಷ್ಟೆಲ್ಲ ಸರಿಯಿದ್ದೂ ಕೆಲಸ ನಿಂತರೆ ನೋಡಬೇಕಾದದ್ದು ಕರಾಫ್‌ನ ಸ್ವಭಾವವನ್ನು. ಇಲ್ಲಿ ಯಾರೂ ಇನ್ನೊಬ್ಬರು ಆಗಲೇ ಎದ್ದಿರುತ್ತಾರೆ ಎಂದು ಭಾವಿಸುವಂತಿಲ್ಲ. ಡೇಟಾಸೋರ್ಸ್ ಇನ್ನೂ ಬಂದಿರದಿದ್ದರೆ, ತನಗೆ ಬೇಕಾದ ಸೇವೆಗಳನ್ನು ಮೊದಲೇ ಹೇಳಿಡುವ ಬ್ಲೂಪ್ರಿಂಟ್ ಪದ್ಧತಿಯಲ್ಲಿ ಬರೆದ ಬಂಡಲ್ ಸೋತು ಬೀಳುವುದಿಲ್ಲ. 'ಗ್ರೇಸ್ ಪೀರಿಯಡ್' ಎಂಬ ಸ್ಥಿತಿಗೆ ಹೋಗಿ ಕಾಯುತ್ತದೆ. ಕಾಯುವ ಅವಧಿ, ಬದಲಿಸದಿದ್ದರೆ, 5 ನಿಮಿಷ. ಕಡತ ತಿದ್ದಿ ಉಳಿಸಿದಾಗಲೂ ಇದೇ ನಡೆಯುತ್ತದೆ. ಕಂಟೇನರ್ ಅದನ್ನು ಗಮನಿಸಿ ಹಳೆಯ ಡೇಟಾಸೋರ್ಸ್ ಹಿಂತೆಗೆದು ಹೊಸದನ್ನು ಪಟ್ಟಿಗೆ ಹಾಕುತ್ತದೆ, ನಡುವಿನ ಕ್ಷಣಗಳಲ್ಲಿ ಬಳಸುವವರು ಉಸಿರು ಹಿಡಿದು ನಿಲ್ಲುತ್ತಾರೆ. ಸರ್ವರ್ ಆರಿಸಿ ಹಚ್ಚುವ ರಾತ್ರಿ ಕೆಲಸ ತಪ್ಪುತ್ತದೆ.

ಆದರೆ ಈ ತಾಳ್ಮೆಗೆ ಇನ್ನೊಂದು ಮುಖವಿದೆ. ಪೋಸ್ಟ್‌ಗ್ರೆಸ್ ಡ್ರೈವರ್ ಪಟ್ಟಿಯಲ್ಲಿ ಬರೆಸಿಕೊಳ್ಳುವುದು 'ಪೋಸ್ಟ್‌ಗ್ರೆಸ್‌ಕ್ಯೂಎಲ್ ಜೆಡಿಬಿಸಿ ಡ್ರೈವರ್' ಎಂಬ ಪೂರ್ಣ ಹೆಸರನ್ನು, ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಸಮೇತ. ಕಡತದಲ್ಲಿ ಬರೀ 'ಪೋಸ್ಟ್‌ಗ್ರೆಸ್' ಎಂದು ಬರೆದರೆ ಪ್ಯಾಕ್ಸ್ ಅದನ್ನು ತಪ್ಪು ಎನ್ನುವುದಿಲ್ಲ. ಆ ಹೆಸರಿನ ಡ್ರೈವರ್ ಇನ್ನೂ ಬಂದಿಲ್ಲ, ಬರಬಹುದು ಎಂದು ಕಾಯುತ್ತದೆ. ಅದಕ್ಕಾಗಿ ಬಂಡಲ್ ಕಾಯುತ್ತದೆ, ಬಂಡಲ್‌ಗಾಗಿ ಬಳಕೆದಾರ. ಲಾಗ್ ತೆರೆದು ದೋಷ ಹುಡುಕಿದರೆ ಕಾರಣ ಹೇಳುವ ಕೆಂಪು ಸಾಲು ಒಂದೂ ಸಿಗದು. ಪಳಗಿದವರು ಲಾಗ್ ಮುಟ್ಟುವ ಮೊದಲೇ ಕರಾಫ್‌ನ ಶೆಲ್‌ನಲ್ಲಿ 'ಜೆಡಿಬಿಸಿ:ಡಿಎಸ್-ಲಿಸ್ಟ್' ಎಂದು ಟೈಪ್ ಮಾಡುತ್ತಾರೆ. ಅಲ್ಲಿ ತಲೆಬರಹ ಮಾತ್ರ ಮೂಡಿ ಕೆಳಗೆ ಸಾಲೇ ಇಲ್ಲದಿದ್ದರೆ, ಮತ್ತೆ ಆ ಆರೇಳು ಸಾಲಿನ ಕಡತ ತೆರೆದು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡುತ್ತಾರೆ.