ಡ್ರೈವ್ ಸತ್ತಿಲ್ಲ, ಮಾರಾಯ್ರೇ!

2024ರ ಮಾರ್ಚ್‌ನಲ್ಲಿ ಕೊಚ್ಚಿ ಮೆಟ್ರೊ ತ್ರಿಪ್ಪುಣಿತ್ತುರದವರೆಗೆ ಬಂದ ಮೇಲೆ ಹಿಲ್ ಪ್ಯಾಲೇಸ್ ನೋಡುವವರಿಗೆ ದಾರಿ ಸಲೀಸಾಗಿದೆ. ನಾನು ಹೊರಟದ್ದೂ ಅರಮನೆಗೇ. ಕಣ್ತುಂಬ ನೋಡಿ ಬಂದದ್ದು ಮಾತ್ರ ಎರಡು ಬೆರಳಗಲದ ಒಂದು ಹಸಿರು ಸರ್ಕ್ಯೂಟ್ ಹಲಗೆಯನ್ನು.

ಅದನ್ನು ತೋರಿಸಿದವರು ಪರಿಚಯದ ಒಬ್ಬ ಮಾಸ್ಟ್ರು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತದ ಜೊತೆಗೆ ಕಂಪ್ಯೂಟರನ್ನೂ ಕಲಿಸಿ ನಿವೃತ್ತರಾದವರು. ಈಗ ತ್ರಿಪ್ಪುಣಿತ್ತುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ಆಸ್ತಿಯೆಂದರೆ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಳೆಗಳು. ಅಷ್ಟೂ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ಹಳೆಯ ಲ್ಯಾಪ್‌ಟಾಪಿಗೆ ಮೊಮ್ಮಗ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟ. ಅಂದಿನಿಂದ ಡಿಸ್ಕಿಗೆ ವಿಚಿತ್ರ ಕಾಯಿಲೆ. ಹೆಸರು ಕಾಣುತ್ತದೆ, ಫೋಲ್ಡರ್ ತೆರೆಯುತ್ತದೆ. ದೊಡ್ಡ ಕಡತವನ್ನು ನಕಲು ಮಾಡಹೊರಟರೆ ಎಲ್ಲ ಸ್ತಬ್ಧ. ಸ್ವಲ್ಪ ಹೊತ್ತಿನ ಮೇಲೆ ಡಿಸ್ಕೇ ಮಾಯ, ಮತ್ತೆ ಪ್ರತ್ಯಕ್ಷ. ಎರ್ನಾಕುಳಂನ ಒಂದು ಅಂಗಡಿಯವರು ‘ಡಿಸ್ಕ್ ಹೋಗಿದೆ, ಡೇಟಾ ರಿಕವರಿ ಮಾಡಿಸಬೇಕು’ ಎಂದು ತೀರ್ಪು ಕೊಟ್ಟು ದೊಡ್ಡ ಮೊತ್ತ ಹೇಳಿದ್ದರಂತೆ.

‘ಸತ್ತಿಲ್ಲ ಮಾರಾಯ್ರೇ, ಪುರಾವೆ ಉಂಟು’ ಎಂದರು ಮಾಸ್ಟ್ರು. ಕಪಾಟಿನಿಂದ ಶಾಲೆಯ ಕಾಲದ ಉಬುಂಟು 14.04ರ ಡಿವಿಡಿ ತೆಗೆದು, ಅದೇ ಲ್ಯಾಪ್‌ಟಾಪನ್ನು ಅದರಿಂದ ಬೂಟ್ ಮಾಡಿದರು. ಅದೇ ಕೇಬಲ್, ಅದೇ ಡಿಸ್ಕ್. ಕರ್ಣಾರ್ಜುನರ ವಾದ ಎಲ್ಲಿಯೂ ತಡೆಯದೆ ಸಾಗಿತು. ಯಂತ್ರಭಾಗ ಹೋಗಿದ್ದರೆ ಹಳೆಯ ಡಿವಿಡಿಗೂ ಅದು ಸೊಪ್ಪು ಹಾಕುತ್ತಿರಲಿಲ್ಲವಲ್ಲ! ಇಷ್ಟು ಸರಳ ಪರೀಕ್ಷೆಯನ್ನು ಅಂಗಡಿಗಳು ಯಾಕೆ ಮಾಡುವುದಿಲ್ಲವೋ. ಅಥವಾ ಯಾಕೆ ಮಾಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತೇ ಇದೆ.

ಉಬುಂಟುವಿನಂಥ ಲಿನಕ್ಸ್ ಕೇರಳದ ಶಾಲೆಗಳಿಗೆ ಬಂದ ಕಥೆ ಹೊಸದಲ್ಲ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶದ ಕಡೆಗೆ ಹೊರಳಿತು. 2017ರಲ್ಲಿ ತಿರುವನಂತಪುರದಲ್ಲಿ ನೆಲೆಯಿರುವ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟುವನ್ನು ಒಗ್ಗಿಸಿಕೊಂಡ ಅದರ ಲಿನಕ್ಸ್ ಕಾಸರಗೋಡಿನ ಕನ್ನಡ ಶಾಲೆಗಳಿಗೂ ಬಂತು, ಪಠ್ಯ ಕನ್ನಡದಲ್ಲೂ ಬಂತು. 2018ರಲ್ಲಿ ಹುಟ್ಟಿದ ‘ಲಿಟಲ್ ಕೈಟ್ಸ್’ ಕ್ಲಬ್ಬುಗಳ ಮಕ್ಕಳು ಈಗ ಅಜ್ಜಂದಿರ ಲ್ಯಾಪ್‌ಟಾಪಿಗೂ ಕೈ ಹಾಕುತ್ತಾರೆ. ಈ ಮೊಮ್ಮಗನೂ ಅಂಥವನೇ. 14.04 ಇದ್ದಲ್ಲಿ 22.04 ಕೂರಿಸಿದ್ದ. ತಪ್ಪೇನೂ ಮಾಡಿರಲಿಲ್ಲ.

ಹಾಗಾದರೆ ಕೆಟ್ಟದ್ದು ಯಾವುದು? ಇಲ್ಲಿ ಆ ಹಸಿರು ಹಲಗೆ ಬರುತ್ತದೆ. ಎಕ್ಸ್‌ಟರ್ನಲ್ ಡ್ರೈವಿನೊಳಗಿನ ಡಿಸ್ಕ್ ಸಾಮಾನ್ಯವಾಗಿ ಮಾತಾಡುವುದು ಸಾಟಾ ಭಾಷೆ; ಕಂಪ್ಯೂಟರಿನ ಕಿಂಡಿ ಯುಎಸ್‌ಬಿ. ನಡುವೆ ದುಭಾಷಿಯಾಗಿ ಆ ಹಲಗೆಯ ಮೇಲೊಂದು ಪುಟಾಣಿ ಚಿಪ್ ಇರುತ್ತದೆ. ಜೆಮೈಕ್ರಾನ್, ಎಎಸ್‌ಮೀಡಿಯಾ ಮುಂತಾದ ತೈವಾನಿನ ಕಂಪನಿಗಳು ಇದನ್ನು ತಯಾರಿಸುತ್ತವೆ. ಡಬ್ಬಿಯ ಮೇಲೆ ಇವುಗಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಾವು ಬ್ರಾಂಡ್ ನೋಡಿ ಕೊಳ್ಳುತ್ತೇವೆ, ಬದುಕುವುದು ಈ ಅನಾಮಿಕನ ಕೃಪೆಯಲ್ಲಿ.

ಯುಎಸ್‌ಬಿ ಡಿಸ್ಕುಗಳ ಹಳೆಯ ಪದ್ಧತಿಯಲ್ಲಿ ಒಮ್ಮೆಗೆ ಒಂದೇ ಆಜ್ಞೆ. ಅದು ಮುಗಿದರೆ ಇನ್ನೊಂದು. ಆ ಪದ್ಧತಿಯ ನಿಯಮಪುಸ್ತಕದ ಮುಖಪುಟದಲ್ಲಿ ಅಚ್ಚಾಗಿರುವ ತಾರೀಖು 1999ರ ಸೆಪ್ಟೆಂಬರ್ 31! ಇಲ್ಲದ ದಿನದಂದು ಹುಟ್ಟಿದರೂ ಅದು ಇಂದಿಗೂ ಗಟ್ಟಿಯಾಗಿದೆ. ಬಳಿಕ ಬಂದದ್ದು ಯುಎಎಸ್: ಹಲವು ಆಜ್ಞೆಗಳನ್ನು ಸಾಲಾಗಿ ಒಟ್ಟಿಗೇ ಒಪ್ಪಿಸುವ ವೇಗದ ಪದ್ಧತಿ. ಲಿನಕ್ಸ್ ಕರ್ನೆಲ್‌ನಲ್ಲಿ ಅದು ನೆಟ್ಟಗೆ ಬಳಕೆಗೆ ಬಂದದ್ದು 2014ರ ಜೂನ್‌ನ 3.15ರಿಂದ. ಮಾಸ್ಟ್ರ ಹಳೆಯ ಡಿವಿಡಿಯಲ್ಲಿದ್ದದ್ದು 3.13. ಚಿಪ್ ‘ನನಗೆ ಯುಎಎಸ್ ಬರುತ್ತದೆ’ ಎಂದು ಮೊದಲಿನಿಂದಲೂ ಜಂಬ ಕೊಚ್ಚುತ್ತಲೇ ಇತ್ತು. ಹಳೆಯ ಕರ್ನೆಲ್ ಕೇಳಿಸಿಕೊಳ್ಳಲಿಲ್ಲ. ಹೊಸದು ನಂಬಿ, ಆಜ್ಞೆಗಳ ಹೊರೆ ಹೊರಿಸಿತು. ಚಿಪ್ ಕುಸಿದು ಕೂತಿತು.

ನನಗೆ ರೋಮಾಂಚನ ತಂದದ್ದು ಮುಂದಿನ ಸಂಗತಿ. ಇಂಥ ಬಡಾಯಿಕೋರರ ಪಟ್ಟಿಯೊಂದು ಲಿನಕ್ಸ್ ಕರ್ನೆಲ್ಲಿನ ಒಳಗೇ ಇದೆ! ‘ಅನ್‌ಯೂಶುವಲ್ ಡೆವ್ಸ್’, ‘ಅನ್‌ಯೂಶುವಲ್ ಯುಎಎಸ್’ ಎಂಬ ಕಡತಗಳು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ತುಂಟ ಹುಡುಗರ ಬಗ್ಗೆ ಇಡುವ ಗುಟ್ಟಿನ ರಿಜಿಸ್ಟರಿನ ಹಾಗೆ: ಇವನು ತನ್ನ ಗಾತ್ರವನ್ನು ಒಂದು ಸೆಕ್ಟರ್ ಹೆಚ್ಚಿಗೆ ಹೇಳುತ್ತಾನೆ, ಇವನಿಗೆ ಈ ಆಜ್ಞೆ ಕೊಡಬೇಡಿ. ಕ್ಯಾಮೆರಾಗಳು, ಮ್ಯೂಸಿಕ್ ಪ್ಲೇಯರುಗಳು, ಯಾರ ನೆನಪಿನಲ್ಲೂ ಇಲ್ಲದ ಕಾರ್ಡ್ ರೀಡರುಗಳು ಎಲ್ಲವೂ ಅಲ್ಲಿ ಹಾಜರು. ಪುಟ ತಿರುಗಿಸುತ್ತಾ ನನಗೂ ಮಾಸ್ಟ್ರಿಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಧ್ಯೆ ಅವರ ಮಗಳು ಎರಡು ಸಲ ಊಟಕ್ಕೆ ಕರೆದರು.

ಮಾಸ್ಟ್ರ ಚಿಪ್ ಪಟ್ಟಿಯಲ್ಲಿ ಸಿಗಲಿಲ್ಲ. ಹೀಗೆ ಹೊರಗುಳಿದವರಿಗೂ ಉಪಾಯವಿದೆ. ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆ ಡ್ರೈವಿನ ಗುರುತುಸಂಖ್ಯೆಯನ್ನು ನಾಲ್ಕು ನಾಲ್ಕು ಅಂಕೆಗಳ ಜೋಡಿಯಾಗಿ ತೋರಿಸುತ್ತದೆ. ಜೆಮೈಕ್ರಾನ್ ಆದರೆ ಮೊದಲ ಭಾಗ 152ಡಿ. ಡಿಎಂಇಎಸ್‌ಜಿ ಆಜ್ಞೆಯಿಂದ ಕರ್ನೆಲ್ಲಿನ ದಿನಚರಿ ತೆರೆದರೆ ಯುಎಎಸ್ ಹೆಸರಿನ ದೂರುಗಳೂ ಅವುಗಳ ಹಿಂದೆಯೇ ‘ರೀಸೆಟ್’ ಸಾಲುಗಳೂ ಸಿಗುತ್ತವೆ. ಆಗ ಗ್ರಬ್ ಎಂಬ ಬೂಟ್ ಲೋಡರಿನ ಸಾಲಿನಲ್ಲಿ ಯುಎಸ್‌ಬಿ-ಸ್ಟೋರೇಜ್ ಕ್ವಿರ್ಕ್ಸ್ ಎಂಬ ಆಯ್ಕೆಗೆ ಆ ಸಂಖ್ಯೆ ಕೊಟ್ಟು, ಕೊನೆಗೆ ‘ಯು’ ಎಂಬ ಒಂದಕ್ಷರ ಸೇರಿಸಬೇಕು. ಕರ್ನೆಲ್ ಯುಎಎಸ್ ಬಿಟ್ಟು ಹಳೆಯ ಪದ್ಧತಿಗೆ ಇಳಿಯುತ್ತದೆ. ವೇಗ ತುಸು ತಗ್ಗುತ್ತದೆ. ತಾಳಮದ್ದಳೆ ಕೇಳಲು ಎಷ್ಟು ವೇಗ ಬೇಕು ಹೇಳಿ!

ಎಲ್ಲ ಡಬ್ಬಿಗಳಿಗೂ ಇದೇ ಮದ್ದಲ್ಲ. ಲಿನಕ್ಸಿನಲ್ಲಿ ಎನ್‌ಟಿಎಫ್‌ಎಸ್ ಡಿಸ್ಕ್ ತೆರೆಯದಿದ್ದರೆ ಅದನ್ನು ಕೊನೆಗೆ ಬಳಸಿದ ವಿಂಡೋಸ್ ‘ಫಾಸ್ಟ್ ಸ್ಟಾರ್ಟಪ್’ ಹೆಸರಿನಲ್ಲಿ ಅರೆನಿದ್ದೆಗೆ ಜಾರಿರಬಹುದು. 2021ರ ಕರ್ನೆಲ್ 5.15ರಿಂದ ಬಂದ ಎನ್‌ಟಿಎಫ್‌ಎಸ್3 ಚಾಲಕ ಅಂಥ ‘ಡರ್ಟಿ’ ಗುರುತಿರುವ ಡಿಸ್ಕನ್ನು ಒಳಗೆ ಬಿಡುವುದಿಲ್ಲ. ವಿಂಡೋಸ್‌ನಲ್ಲೇ ಚೆಕ್‌ಡಿಸ್ಕ್ ಮಾಡಿಸಿ, ಸರಿಯಾಗಿ ಇಜೆಕ್ಟ್ ಮಾಡಿ ತರುವುದು ಕ್ಷೇಮ. ಮ್ಯಾಕ್‌ನಲ್ಲಿ ಇಜೆಕ್ಟ್ ಮಾಡದೆ ಎಳೆದ ಎಕ್ಸ್‌ಫ್ಯಾಟ್ ಡಿಸ್ಕನ್ನು ಮತ್ತೆ ಸಿಕ್ಕಿಸಿದರೆ ತೆರೆಮರೆಯಲ್ಲಿ ತಪಾಸಣೆ ನಡೆಯುತ್ತದೆ. ಮುಗಿಯುವ ತನಕ ಡಿಸ್ಕ್ ಕಾಣುವುದಿಲ್ಲ, ಗಾಬರಿಯಾಗಿ ಮತ್ತೆ ಎಳೆದರೆ ಕಥೆ ಮೊದಲಿನಿಂದ. 2013ರಲ್ಲಿ ಮ್ಯಾಕ್‌ನ ಮ್ಯಾವರಿಕ್ಸ್ ಬಂದಾಗ, ತನ್ನ ಡ್ರೈವುಗಳ ಜೊತೆ ಕೊಡುತ್ತಿದ್ದ ತಂತ್ರಾಂಶದಿಂದ ಡೇಟಾ ಅಳಿಯಬಹುದು, ಅದನ್ನು ತೆಗೆದುಹಾಕಿ ಎಂದು ವೆಸ್ಟರ್ನ್ ಡಿಜಿಟಲ್ ಗ್ರಾಹಕರನ್ನು ಎಚ್ಚರಿಸಿತ್ತು.

ಎಲ್ಲಕ್ಕಿಂತ ಅಪಾಯಕಾರಿ ಎಂದು ನನಗನಿಸುವುದು ವಿಂಡೋಸ್‌ನ ಆ ವಿನಯದ ಪ್ರಶ್ನೆ: ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಬೇಡ ಎನ್ನಿ. ಡಬ್ಬಿ ಬದಲಿಸಿದಾಗಲೂ ಈ ಪ್ರಶ್ನೆ ಬರಬಹುದು, ಯಾಕೆಂದರೆ ಕೆಲವು ಚಿಪ್‌ಗಳು ಸೆಕ್ಟರಿನ ಅಳತೆಯನ್ನು ತಮ್ಮದೇ ಲೆಕ್ಕದಲ್ಲಿ ಹೇಳುತ್ತವೆ. ಕೆಲವಂತೂ ಬರೆದದ್ದನ್ನೆಲ್ಲ ಗೂಢಲಿಪಿಗೆ ತಿರುಗಿಸಿಯೇ ಇಡುತ್ತವೆ. ಆದ್ದರಿಂದ ಹಳೆಯ ಹಲಗೆಯನ್ನು ಎಸೆಯಬಾರದು. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಇಷ್ಟೂ ವಿದ್ಯೆ ಬಿಟ್ಟು ಕೂಡಲೇ ಕರೆಂಟು ತೆಗೆಯಿರಿ; ಅದು ನಿಜವಾದ ಕಾಯಿಲೆ.

ಸಂಜೆಗೆ ತಾಳಮದ್ದಳೆಗಳೆಲ್ಲ ಮತ್ತೊಂದು ಹೊಸ ಡಿಸ್ಕಿಗೂ ನಕಲಾಗತೊಡಗಿದ್ದವು. ಮಗಳ ಲ್ಯಾಪ್‌ಟಾಪ್ ಇನ್ನೂ ವಿಂಡೋಸ್ 10ರಲ್ಲೇ ಇತ್ತು. 11 ಹಾಕುವ ಮೊದಲು ಎಕ್ಸ್‌ಟರ್ನಲ್ ಡಿಸ್ಕ್ ಕಳಚಿಡಿ ಎಂದೆ. 2019ರಲ್ಲಿ ಮೈಕ್ರೋಸಾಫ್ಟ್ ತಾನೇ ಯುಎಸ್‌ಬಿ ಡಿಸ್ಕ್ ಸಿಕ್ಕಿಸಿದ್ದ ಕಂಪ್ಯೂಟರುಗಳಿಗೆ ಆ ಮೇ ತಿಂಗಳ ಅಪ್‌ಡೇಟನ್ನು ತಡೆದಿತ್ತು, ಡ್ರೈವಿನ ಅಕ್ಷರಗಳು ಅದಲುಬದಲಾಗುತ್ತವೆ ಎಂದು. ಮಗಳು ತಲೆಯಾಡಿಸಿದರು. ಮಾಸ್ಟ್ರು ಕನ್ನಡಕ ಏರಿಸಿಕೊಂಡು, ‘ಅಲ್ಲ ಮಾರಾಯ್ರೇ, ಅದಕ್ಕೆ ವಿಂಡೋಸೇ ಹಾಕಬೇಕೆಂದು ಯಾರು ಹೇಳಿದ್ದು?’ ಎಂದು ಅರ್ಥಗಾರಿಕೆಗೆ ಪೀಠಿಕೆ ಹಾಕಿದರು.