ಕೊಡಗಿನ ಲಾಕ್‌ಡೌನ್: ಒಂದೇ ನಿಯಮ, ಹಲವು ಅಸಮಾಧಾನ

ಮಡಿಕೇರಿ: 2020ರ ಮೇ ತಿಂಗಳ ಆರಂಭದಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಜಿಲ್ಲಾವಾರು ಪಟ್ಟಿಯಲ್ಲಿ ಕೊಡಗು ಹಸಿರು ವಲಯದಲ್ಲಿತ್ತು. ಹದಿನಾಲ್ಕು ತಿಂಗಳ ನಂತರ, 2021ರ ಜುಲೈ 5ರಂದು ರಾಜ್ಯದ ಉಳಿದೆಡೆ ನಿರ್ಬಂಧಗಳು ಸಡಿಲಗೊಂಡಾಗ ಆ ಸಡಿಲಿಕೆಯಿಂದ ಹೊರಗುಳಿದ ಜಿಲ್ಲೆಯೂ ಕೊಡಗೇ. ಈ ಎರಡು ದಿನಾಂಕಗಳ ನಡುವೆ, ಆರಂಭದಲ್ಲಿ ಬಿಗಿ ಕ್ರಮಗಳನ್ನು ಸ್ವಾಗತಿಸಿದ್ದ ಜನರೇ ಅವುಗಳ ವಿಷಯದಲ್ಲಿ ಪರಸ್ಪರ ವಿರುದ್ಧ ನಿಲುವು ತಳೆದರು. ಸೋಂಕು ತಡೆಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಹೆಚ್ಚಿರಲಿಲ್ಲ. ಅದರ ಬೆಲೆಯನ್ನು ಯಾರು ತೆರಬೇಕು, ಅದನ್ನು ಯಾರು ನಿರ್ಧರಿಸಬೇಕು ಎಂಬುದೇ ವಿವಾದದ ತಿರುಳಾಗಿತ್ತು.

ಆರಂಭದ ಒಮ್ಮತ

ಜಿಲ್ಲೆಯ ಮೊದಲ ಪ್ರಕರಣ ದೃಢಪಟ್ಟದ್ದು 2020ರ ಮಾರ್ಚ್ 19ರಂದು. ದುಬೈನಿಂದ ಮರಳಿದ್ದ ವ್ಯಕ್ತಿಯೊಬ್ಬರಲ್ಲಿ ಸೋಂಕು ಪತ್ತೆಯಾದ ಬೆನ್ನಲ್ಲೇ ಅವರ ಗ್ರಾಮಕ್ಕೆ ಹೊರಗಿನ ಸಂಪರ್ಕವನ್ನು ನಿರ್ಬಂಧಿಸಲಾಯಿತು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂತು. ಅಂದಿನ ಜಿಲ್ಲಾಧಿಕಾರಿ ಅನೀಸ್ ಕಣ್ಮಣಿ ಜಾಯ್ ಅವರ ಕ್ರಮಗಳಿಗೆ ಸಾರ್ವಜನಿಕರಿಂದ ವ್ಯಾಪಕ ಮೆಚ್ಚುಗೆಯೂ ದೊರೆಯಿತು.

ಈ ಬೆಂಬಲಕ್ಕೆ ಸಕಾರಣವಿತ್ತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 5,54,519. ರೈಲು ಸಂಪರ್ಕ ಇಲ್ಲಿಲ್ಲ. 2016ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೆ ಹೊಂದಿಕೊಂಡ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯೇ ಪ್ರಮುಖ ಸರ್ಕಾರಿ ಆಸರೆ. ಹೆಚ್ಚಿನ ಚಿಕಿತ್ಸೆಗೆ ಸುಮಾರು 120 ಕಿ.ಮೀ. ದೂರದ ಮೈಸೂರಿಗೋ, ಘಟ್ಟ ಇಳಿದು ಮಂಗಳೂರಿಗೋ ಹೋಗಬೇಕು. ಸೋಂಕು ಒಮ್ಮೆ ಹಬ್ಬಿದರೆ ಹಾಸಿಗೆ ಸಾಲದು ಎಂಬ ಆತಂಕ ಎಲ್ಲರಲ್ಲೂ ಇತ್ತು.

ಗಡಿಯ ಮಣ್ಣು

ಮೊದಲ ಬಿರುಕು ಕಾಣಿಸಿಕೊಂಡದ್ದು ಕೇರಳ ಗಡಿಯಲ್ಲಿ. ವಿರಾಜಪೇಟೆಯಿಂದ ಮಾಕುಟ್ಟ ಮಾರ್ಗವಾಗಿ ಇರಿಟ್ಟಿ, ಕಣ್ಣೂರಿಗೆ ಸಾಗುವ ರಸ್ತೆಗೆ ಮಣ್ಣು ಸುರಿದು ಸಂಚಾರ ತಡೆಯಲಾಯಿತು. ನೆರೆಯ ಕಾಸರಗೋಡು, ಕಣ್ಣೂರು ಜಿಲ್ಲೆಗಳಲ್ಲಿ ಆಗ ಪ್ರಕರಣಗಳು ಏರುತ್ತಿದ್ದುದರಿಂದ ರಸ್ತೆ ತೆರೆಯಕೂಡದೆಂಬ ಒತ್ತಾಯ ಜಿಲ್ಲೆಯೊಳಗೆ ಪ್ರಬಲವಾಗಿತ್ತು. ಆದರೆ ಇದೇ ರಸ್ತೆ ತರಕಾರಿ ಸಾಗಣೆಯ ದಾರಿ, ತೋಟದ ಕಾರ್ಮಿಕರ ದಾರಿ, ಗಡಿಯ ಎರಡೂ ಬದಿ ನೆಂಟಸ್ತಿಕೆ ಇರುವ ಕುಟುಂಬಗಳ ದಾರಿ ಮತ್ತು ದಕ್ಷಿಣ ಕೊಡಗಿನ ಅನೇಕರಿಗೆ ಆಸ್ಪತ್ರೆಯ ದಾರಿಯೂ ಹೌದು.

ಗಡಿ ವಿವಾದ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ತುರ್ತು ರೋಗಿಗಳ ಸಂಚಾರಕ್ಕೆ ಒಪ್ಪಂದವಾಗಿದೆ ಎಂಬ ಹೇಳಿಕೆಯ ಮೇರೆಗೆ 2020ರ ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಕ್ತಾಯಗೊಳಿಸಿತು. ಆ ಏರ್ಪಾಡು ಮಂಗಳೂರು ಬಳಿಯ ತಲಪಾಡಿ ಗಡಿಗೆ ಸಂಬಂಧಿಸಿದ್ದು, ಮಾಕುಟ್ಟಕ್ಕಲ್ಲ ಎಂಬುದು ಗಮನಾರ್ಹ.

ಇತ್ತ ತೋಟಗಳಲ್ಲಿ ಕಾಳುಮೆಣಸು ಕೊಯ್ಲಿನ ಸಮಯ. ಏಪ್ರಿಲ್ 20ರಿಂದ ಶೇ 50ರಷ್ಟು ಕಾರ್ಮಿಕರೊಂದಿಗೆ ಕಾಫಿ ತೋಟಗಳಲ್ಲಿ ಕೆಲಸ ನಡೆಸಲು ಕೇಂದ್ರ ಅನುಮತಿ ನೀಡಿತಾದರೂ, ಉಳಿದರ್ಧ ಮಂದಿಯ ಕೂಲಿಯ ಪ್ರಶ್ನೆ ಹಾಗೆಯೇ ಉಳಿಯಿತು. ತೋಟದ ಗೇಟು ಹಾಕಿಕೊಂಡು ಕಾಯುವುದು ಮಾಲೀಕರಿಗೆ ಸಾಧ್ಯವಿತ್ತು, ದಿನಗೂಲಿಯವರಿಗೆ ಸಾಧ್ಯವಿರಲಿಲ್ಲ.

ಶೇಕಡಾವಾರು ಲೆಕ್ಕ

ಎರಡನೇ ಅಲೆಯಲ್ಲಿ ನಿರ್ಬಂಧದ ಮಾನದಂಡ ಬದಲಾಯಿತು. ಪರೀಕ್ಷೆಗೊಳಪಟ್ಟ ನೂರು ಮಂದಿಯಲ್ಲಿ ಎಷ್ಟು ಜನರಿಗೆ ಸೋಂಕು ದೃಢಪಟ್ಟಿದೆ ಎಂಬ ಪಾಸಿಟಿವಿಟಿ ದರವೇ ನಿರ್ಣಾಯಕವಾಯಿತು. 2021ರ ಜೂನ್ 14ರಂದು ಲಾಕ್‌ಡೌನ್ ಮುಂದುವರಿದ 11 ಜಿಲ್ಲೆಗಳಲ್ಲಿ ಕೊಡಗು ಒಂದು. ಜೂನ್ 21ರ ವರ್ಗೀಕರಣದಲ್ಲಿ ಅದು ಶೇ 5ರಿಂದ 10ರ ಗುಂಪಿನಲ್ಲಿತ್ತು. ಜುಲೈ 5ರ ವೇಳೆಗೆ ದರ ಶೇ 5ಕ್ಕಿಂತ ಕೆಳಗಿಳಿಯದ ಕಾರಣ ಹಳೆಯ ನಿರ್ಬಂಧವೇ ಮುಂದುವರಿಯಿತು.

ವರ್ತಕರ ಆಕ್ಷೇಪ ಈ ಲೆಕ್ಕದ ಮೇಲೆಯೇ ಇತ್ತು. ಸಾವಿರ ಪರೀಕ್ಷೆಗಳಲ್ಲಿ 60 ಮಂದಿಗೆ ಸೋಂಕು ಕಂಡುಬಂದರೆ ದರ ಶೇ 6 ಆಗುತ್ತದೆ. ಆ 60ರಲ್ಲಿ ಬಹುಪಾಲು ಒಂದೇ ತೋಟದ ಲೈನ್‌ಮನೆಗಳದ್ದಾಗಿದ್ದರೂ ಇಡೀ ಜಿಲ್ಲೆಯ ಅಂಗಡಿ ಬಾಗಿಲು ಮುಚ್ಚಬೇಕು. ಕಡಿಮೆ ಜನಸಂಖ್ಯೆಯ ಜಿಲ್ಲೆಯಲ್ಲಿ ಒಂದೆರಡು ಗುಂಪು ಸೋಂಕುಗಳೇ ದರವನ್ನು ಏರಿಸಬಲ್ಲವು. ಇದಕ್ಕೆ ಎದುರಾದ ವಾದವೂ ನಿರ್ಲಕ್ಷಿಸುವಂಥದ್ದಲ್ಲ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಗಳ ನಡುವೆ ಜನ ದಿನವೂ ಓಡಾಡುವಾಗ ತಾಲ್ಲೂಕಿಗೊಂದು ನಿಯಮ ಮಾಡಿದರೆ ಸಂತೆಯ ದಿನವೇ ಅದು ಮುರಿದುಬೀಳುತ್ತದೆ.

ಶನಿವಾರ, ಭಾನುವಾರದ ದುಡಿಮೆ

2018ರ ಆಗಸ್ಟ್‌ನ ಭೂಕುಸಿತ, 2019ರ ಮಳೆಹಾನಿ, 2020ರ ಆಗಸ್ಟ್‌ನ ತಲಕಾವೇರಿ ದುರಂತಗಳಿಂದ ಪ್ರವಾಸೋದ್ಯಮ ಮೊದಲೇ ನೆಲಕಚ್ಚಿತ್ತು. 2021ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಕೇರಳ ಮತ್ತು ಮಹಾರಾಷ್ಟ್ರ ಗಡಿಯ ಎಂಟು ಜಿಲ್ಲೆಗಳಿಗೆ ವಾರಾಂತ್ಯ ಕರ್ಫ್ಯೂ ಪ್ರಕಟಿಸಿದಾಗ ಅಸಮಾಧಾನ ಬೀದಿಗೆ ಬಂತು. ಪ್ರವಾಸಿಗರು ಬರುವುದೇ ಶನಿವಾರ, ಭಾನುವಾರ. ಹೋಂಸ್ಟೇ, ಹೋಟೆಲ್, ಜೀಪು ಚಾಲಕರು, ಸಂಬಾರ ಪದಾರ್ಥಗಳ ಅಂಗಡಿಗಳಿಗೆ ಉಳಿದ ಐದು ದಿನ ಬಾಗಿಲು ತೆರೆದರೂ ಗಿರಾಕಿ ಇಲ್ಲ. ಪ್ರವಾಸಿಗರಿಂದಲೇ ಸೋಂಕು ಬರುತ್ತದೆಂದು ಹೆದರಿದ ಗ್ರಾಮಸ್ಥರು ಮಾತ್ರ ಕರ್ಫ್ಯೂ ಪರವಾಗಿದ್ದರು.

ನಿಯಮ ಜಾರಿಯ ರೀತಿಯೂ ಆಕ್ರೋಶಕ್ಕೆ ಕಾರಣವಾಯಿತು. 2021ರ ಜೂನ್‌ನಲ್ಲಿ ವಿರಾಜಪೇಟೆಯಲ್ಲಿ ರಾತ್ರಿ ಹೊರಗೆ ಕಂಡ ಮಾನಸಿಕ ಅಸ್ವಸ್ಥರೊಬ್ಬರು ಪೊಲೀಸರ ಹಲ್ಲೆಯಿಂದ ಮೃತಪಟ್ಟರೆಂಬ ಆರೋಪ ಕೇಳಿಬಂದು, ಎಂಟು ಮಂದಿ ಪೊಲೀಸರನ್ನು ಅಮಾನತುಗೊಳಿಸಲಾಯಿತು. ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು.

ಖಾಲಿ ಇದ್ದ ಕುರ್ಚಿ

ಇಷ್ಟೆಲ್ಲ ಭಿನ್ನಾಭಿಪ್ರಾಯಗಳನ್ನು ಆಲಿಸಬೇಕಾದ ವೇದಿಕೆ ಯಾವುದು? 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದರೆ, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಅಂದರೆ ಅಧಿಕಾರಿಯ ಪಕ್ಕದಲ್ಲಿ ಚುನಾಯಿತ ಪ್ರತಿನಿಧಿಯೊಬ್ಬರು ಇರಬೇಕೆಂಬುದು ಕಾಯ್ದೆಯ ಆಶಯ. ಆದರೆ 2016ರಲ್ಲಿ ಆಯ್ಕೆಯಾದ ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರ ಮಧ್ಯಭಾಗಕ್ಕೆ ಮುಗಿದಿತ್ತು. ಹೊಸ ಚುನಾವಣೆ ನಡೆಯಲಿಲ್ಲ. ಜಿಲ್ಲೆ ಅತ್ಯಂತ ದೀರ್ಘ ನಿರ್ಬಂಧ ಅನುಭವಿಸಿದ ಹೊತ್ತಿನಲ್ಲೇ ಈ ಸ್ಥಾನ ಖಾಲಿಯಾಗಿತ್ತು. ಶಾಸಕರು, ಸಂಸದರು ಸಭೆಗಳಲ್ಲಿ ಅಭಿಪ್ರಾಯ ಹೇಳಬಹುದಿತ್ತಾದರೂ ಆದೇಶ ಹೊರಡುತ್ತಿದ್ದುದು ಅಧಿಕಾರಿಯ ಸಹಿಯಿಂದ. ಹೀಗಾಗಿ ಸರ್ಕಾರ ನಿಗದಿಪಡಿಸಿದ ಮಾನದಂಡದ ಮೇಲಿನ ಸಿಟ್ಟೂ ಜಿಲ್ಲಾಡಳಿತದ ಮೇಲೆಯೇ ತಿರುಗುತ್ತಿತ್ತು.

ರಾಜ್ಯದಲ್ಲಿ ವಾರಾಂತ್ಯ ಕರ್ಫ್ಯೂ 2022ರ ಜನವರಿ 21ರಂದು, ರಾತ್ರಿ ಕರ್ಫ್ಯೂ ಅದೇ ತಿಂಗಳಾಂತ್ಯಕ್ಕೆ ರದ್ದಾದವು. 2018ರ ಬಳಿಕ ನಿಂತಿದ್ದ ಕೊಡವ ಕೌಟುಂಬಿಕ ಹಾಕಿ ಉತ್ಸವ 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ನಡೆಯಿತು. ಜನಜೀವನ ಹಳಿಗೆ ಮರಳಿದೆ. ಆದರೆ ಮುಂದೆ ಇಂಥ ಸಂದರ್ಭ ಬಂದಲ್ಲಿ ಮಾಕುಟ್ಟದಲ್ಲಿ ತುರ್ತು ರೋಗಿಗಳ ಸಂಚಾರ ಹೇಗೆ, ದಿನಗೂಲಿ ಕಳೆದುಕೊಂಡವರಿಗೆ ಪರಿಹಾರವೇನು, ಸ್ಥಳೀಯರ ಪರವಾಗಿ ಸಭೆಯಲ್ಲಿ ಮಾತನಾಡುವವರು ಯಾರು ಎಂಬುದು ಮುಂಚಿತವಾಗಿ ನಿಶ್ಚಯವಾಗದಿದ್ದರೆ ಅದೇ ಜಗಳ ಮರುಕಳಿಸುವುದರಲ್ಲಿ ಸಂದೇಹವಿಲ್ಲ.