ಮೈದಾನಕ್ಕೆ ಇಳಿಯದ ತರಬೇತುದಾರ

ಕಂಪ್ಯೂಟರ್ ಆಟವೆಂದೊಡನೆ ತಂದೆತಾಯಿಯರಿಗೆ ನೆನಪಾಗುವುದು ಗುಂಡಿನ ಸದ್ದು, ಕಾರುಗಳ ಓಟ, ಗುಂಡಿ ಒತ್ತುವ ಬೆರಳುಗಳ ಆತುರ. ಇವು ಯಾವುವೂ ಇಲ್ಲದ ಆಟವೊಂದಿದೆ. ಅದು ಫುಟ್‌ಬಾಲ್ ಆಟವೇ ಆದರೂ ಅದರಲ್ಲಿ ಆಡುವವನು ಚೆಂಡನ್ನು ಒಮ್ಮೆಯೂ ಒದೆಯುವುದಿಲ್ಲ. ಅವನ ಮುಂದಿರುವುದು ಹೆಸರುಗಳ ಪಟ್ಟಿ, ಅಂಕಿಗಳ ಸಾಲು ಮತ್ತು ಮೈದಾನದ ಒಂದು ನಕ್ಷೆ. ಹನ್ನೊಂದು ಮಂದಿಯನ್ನು ಆರಿಸಬೇಕು. ಯಾರು ಎಲ್ಲಿ ನಿಲ್ಲಬೇಕು, ಚೆಂಡು ಸಿಕ್ಕಾಗ ಏನು ಮಾಡಬೇಕು, ಕಳೆದುಕೊಂಡಾಗ ಎತ್ತ ಓಡಬೇಕು ಎಂದು ಹೇಳಬೇಕು. ಆಮೇಲೆ ಕೈಕಟ್ಟಿ ಕುಳಿತು ಪಂದ್ಯ ನೋಡಬೇಕು.

ಇದೇ 'ಫುಟ್‌ಬಾಲ್ ಮ್ಯಾನೇಜರ್'. ಇದರ ಮೂಲ ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿದೆ. ಪಾಲ್ ಕಾಲಿಯರ್ ಮತ್ತು ಆಲಿವರ್ ಕಾಲಿಯರ್ ಎಂಬ ಸಹೋದರರು ರೂಪಿಸಿದ 'ಚಾಂಪಿಯನ್‌ಶಿಪ್ ಮ್ಯಾನೇಜರ್' 1992ರಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಅವರ ಸಂಸ್ಥೆಯೂ ಪ್ರಕಾಶಕರೂ ಬೇರೆಯಾದಾಗ ಹಳೆಯ ಹೆಸರು ಪ್ರಕಾಶಕರ ಪಾಲಾಯಿತು. 2004ರಿಂದ ಸಹೋದರರ ಆಟ ಹೊಸ ಹೆಸರಿನಲ್ಲಿ ಬರತೊಡಗಿತು. ಮೊದಮೊದಲು ಪಂದ್ಯವೆಂದರೆ ಪರದೆಯ ಮೇಲೆ ಮೂಡುವ ವಾಕ್ಯಗಳಷ್ಟೇ. 2003ರಲ್ಲಿ ಆಟಗಾರರು ಪುಟ್ಟ ವೃತ್ತಗಳಾಗಿ ಓಡಾಡಿದರು. 2008ರ ಕೊನೆಯಲ್ಲಿ ಅವರಿಗೆ ಮೈಕೈ ಬಂತು. ಇಷ್ಟೆಲ್ಲ ಬದಲಾದರೂ ಆಟದ ಮೂಲ ಪ್ರಶ್ನೆ ಬದಲಾಗಿಲ್ಲ: ಕೈಯಲ್ಲಿರುವ ಆಟಗಾರರಿಂದ ಗೆಲ್ಲುವ ತಂಡ ಕಟ್ಟುವುದು ಹೇಗೆ?

ಮೊದಲು ಆಟಗಾರ, ಆಮೇಲೆ ವ್ಯೂಹ

ಈ ಆಟದಲ್ಲಿ ಪ್ರತಿಯೊಬ್ಬ ಆಟಗಾರನ ಗುಣಗಳಿಗೂ 1ರಿಂದ 20ರವರೆಗೆ ಅಂಕಗಳಿವೆ. ಓಟದ ವೇಗ, ಪಾಸ್ ಕೊಡುವ ಚಾತುರ್ಯ, ತಲೆಯಿಂದ ಚೆಂಡು ಹೊಡೆಯುವ ಶಕ್ತಿ ಮಾತ್ರವಲ್ಲ, ಏಕಾಗ್ರತೆ, ಛಲ, ತಂಡಕ್ಕಾಗಿ ದುಡಿಯುವ ಮನಸ್ಸು ಕೂಡ ಅಂಕಿಗಳಾಗಿವೆ. ಈ ಮಾಹಿತಿಯ ಭಂಡಾರ ಎಷ್ಟು ವಿಸ್ತಾರವೆಂದರೆ, ಆಟಗಾರರನ್ನು ಹುಡುಕಲು ಅದನ್ನು ಬಳಸಿಕೊಳ್ಳುವ ಒಪ್ಪಂದಕ್ಕೆ ಇಂಗ್ಲೆಂಡಿನ ಎವರ್ಟನ್ ಕ್ಲಬ್ 2008ರಲ್ಲಿ ಸಹಿ ಹಾಕಿತು.

ಹೊಸಬರು ಎಡವುವುದು ಇಲ್ಲಿಯೇ. ಹೆಸರಾಂತ ತಂಡವೊಂದು 4-3-3 ವಿನ್ಯಾಸದಲ್ಲಿ ಆಡಿ ಗೆದ್ದಿತೆಂದು ತಾವೂ ಅದನ್ನೇ ನಕ್ಷೆಯ ಮೇಲೆ ಇಳಿಸುತ್ತಾರೆ. ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ ತಮಗೆ ಹೊಂದೀತೇ ಎಂದು ನೋಡುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಸಣ್ಣ ಕ್ಲಬ್ಬೊಂದರ ಇಬ್ಬರು ನಡುರಕ್ಷಕರು ಎತ್ತರದವರು, ಗಟ್ಟಿಗರು. ಆದರೆ ಓಟದಲ್ಲಿ ಅವರಿಗೆ ಸಿಕ್ಕಿರುವುದು 20ಕ್ಕೆ 8. ಇಂಥವರನ್ನು ಮೈದಾನದ ನಡುಗೆರೆಯ ಹತ್ತಿರ ನಿಲ್ಲಿಸಿದರೆ ಎದುರಾಳಿ ಅವರ ತಲೆಯ ಮೇಲಿಂದ ಚೆಂಡು ಕಳಿಸಿ ಓಡಿಹೋಗುತ್ತಾನೆ. ಹಾಗಾದರೆ ರಕ್ಷಣಾ ಸಾಲನ್ನು ಹಿಂದಕ್ಕೆ ಎಳೆದರಾಯಿತಲ್ಲವೇ? ಆಗದು. ಮುಂದಿನ ಆಟಗಾರರು ಎದುರಾಳಿಯ ಗೋಲಿನ ಬಳಿಯೇ ಚೆಂಡಿಗಾಗಿ ಮುಗಿಬೀಳುತ್ತಿದ್ದು, ರಕ್ಷಕರು ಮಾತ್ರ ಹಿಂದೆ ಉಳಿದರೆ, ನಡುಮೈದಾನ ಬಯಲಾಗುತ್ತದೆ. ಎದುರಾಳಿ ಆ ಬಯಲಿನಲ್ಲಿ ನಿಂತು ನಿಧಾನವಾಗಿ ಯೋಚಿಸಿ ಪಾಸ್ ಕೊಡುತ್ತಾನೆ. ಆದ್ದರಿಂದ ರಕ್ಷಕರನ್ನು ಹಿಂದಕ್ಕೆ ಎಳೆದವನು ಮುಂದಿನವರನ್ನೂ ಹಿಂದಕ್ಕೆ ಕರೆಯಬೇಕು. ಆಗ ಗೋಲು ಹೊಡೆಯುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಬದಿಯಲ್ಲಿ ವೇಗದ ಓಟಗಾರನೊಬ್ಬನಿದ್ದರೆ ಪ್ರತಿದಾಳಿಯೇ ಉತ್ತರ. ಹೀಗೆ ಇಬ್ಬರು ರಕ್ಷಕರ ನಿಧಾನಗತಿ ಇಡೀ ತಂಡದ ನಡೆಯನ್ನು ತೀರ್ಮಾನಿಸುತ್ತದೆ. ವ್ಯೂಹವೆಂದರೆ ಹನ್ನೊಂದು ಬಿಡಿ ನಿರ್ಧಾರಗಳಲ್ಲ. ಒಂದನ್ನು ಎಳೆದರೆ ಉಳಿದವೂ ಅಲುಗುವ ಬಲೆ.

ಬಯಲಿನ ಬೆಲೆ

ಕಂಪ್ಯೂಟರ್ ಕಲಿಸುವ ಈ ಪಾಠವನ್ನು ನಿಜವಾದ ಮೈದಾನ ಬಹಳ ಹಿಂದೆಯೇ ಕಲಿಸಿತ್ತು. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಹಂಗೆರಿ ತಂಡ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಹಂಗೆರಿಯ 9ನೇ ಸಂಖ್ಯೆಯ ಆಟಗಾರ ಹಿಡೆಗುಟಿ ಮುಂದೆ ನಿಲ್ಲಬೇಕಾದವನು. ಆದರೆ ಅವನು ಹಿಂದೆ ಸರಿದು ನಡುಮೈದಾನಕ್ಕೆ ಇಳಿದ. ಅವನನ್ನು ಕಾಯಬೇಕಾದ ಇಂಗ್ಲೆಂಡಿನ ರಕ್ಷಕ ಸಂಕಟಕ್ಕೆ ಸಿಕ್ಕಿದ. ಹಿಂಬಾಲಿಸಿ ಹೋದರೆ ಗೋಲಿನ ಮುಂದೆ ಬಯಲು. ಹೋಗದಿದ್ದರೆ ಹಿಡೆಗುಟಿಗೆ ತಡೆಯೇ ಇಲ್ಲ. ಅಂದು ಹಿಡೆಗುಟಿಯೊಬ್ಬನೇ ಮೂರು ಗೋಲು ಹೊಡೆದ. ಎದುರಾಳಿಗೆ ಎರಡು ಕೆಟ್ಟ ದಾರಿಗಳನ್ನು ಮಾತ್ರ ಉಳಿಸುವುದೇ ಒಳ್ಳೆಯ ವ್ಯೂಹದ ಗುರುತು. 'ಫುಟ್‌ಬಾಲ್ ಮ್ಯಾನೇಜರ್' ಆಡುವ ಹುಡುಗ ಮುನ್ನಡೆ ಆಟಗಾರನನ್ನು ಹಿಂದಕ್ಕೆ ಎಳೆಯುವಾಗ ಈ ಯುಕ್ತಿಯನ್ನೇ ಬಳಸುತ್ತಿರುತ್ತಾನೆ. ಆದರೆ ಅವನು ಮರೆಯಬಾರದ ಸಂಗತಿ ಒಂದಿದೆ. ತೆರವಾದ ಬಯಲಿಗೆ ನುಗ್ಗಲು ಬೇರೊಬ್ಬನಿಗೆ ಹೇಳಿರಬೇಕು. ಇಲ್ಲದಿದ್ದರೆ ಬಯಲು ಬಯಲಾಗಿಯೇ ಉಳಿಯುತ್ತದೆ.

ಅಭಿಮನ್ಯುವಿನ ಕಷ್ಟ

ಚಕ್ರವ್ಯೂಹವನ್ನು ಒಳಹೊಗಲು ಬಲ್ಲ, ಹೊರಬರಲು ಅರಿಯದ ಅಭಿಮನ್ಯುವಿನ ಕಥೆ ಎಲ್ಲರಿಗೂ ಗೊತ್ತು. ಈ ಆಟದಲ್ಲಿ ಅನೇಕ ತಂಡಗಳ ಗತಿಯೂ ಅದೇ. ಅಂಚಿನ ರಕ್ಷಕರಿಬ್ಬರನ್ನೂ ದಾಳಿಗೆ ಕಳಿಸಿ, ನಡುಮೈದಾನದ ಮೂವರಿಗೂ ಮುಂದೆ ನುಗ್ಗಲು ಹೇಳಿದರೆ ನೋಡಲು ಸೊಗಸು. ಚೆಂಡು ಕಳೆದ ಗಳಿಗೆಯಲ್ಲಿ ಹಿಂದೆ ಯಾರಿರುತ್ತಾರೆ?

ಅನುಭವಿಗಳು ಅನುಸರಿಸುವ ಕ್ರಮ ಸರಳ. ಒಂದು ಬದಿಯ ರಕ್ಷಕ ಮುಂದೆ ಹೋದರೆ ಇನ್ನೊಂದು ಬದಿಯವನು ಉಳಿಯಬೇಕು. ನಡುಮೈದಾನದಲ್ಲಿ ಒಬ್ಬ ನುಗ್ಗುವವನು, ಒಬ್ಬ ಪಾಸ್ ಕೊಡುವವನು, ಒಬ್ಬ ಕಾವಲುಗಾರ. 2018ರ ಕೊನೆಯಲ್ಲಿ ಬಂದ ಆವೃತ್ತಿಯಲ್ಲಿ ತಂಡಕ್ಕೆ ಕೊಡುವ ಸೂಚನೆಗಳನ್ನು ಮೂರು ಭಾಗ ಮಾಡಲಾಯಿತು: ಚೆಂಡು ನಮ್ಮದಾಗಿರುವಾಗ, ಇಲ್ಲದಿರುವಾಗ, ಕೈ ಬದಲಾಗುವಾಗ. 2025ರ ನವೆಂಬರ್‌ನಲ್ಲಿ ಬಂದ ಆವೃತ್ತಿಯಲ್ಲಿ ಚೆಂಡು ಇದ್ದಾಗ ಒಂದು, ಇಲ್ಲದಾಗ ಇನ್ನೊಂದು ವಿನ್ಯಾಸವನ್ನೇ ರಚಿಸಬಹುದು. ಮೂರರಲ್ಲಿ ಹೊಸಬರು ಅಲಕ್ಷಿಸುವುದು ಕೈ ಬದಲಾಗುವ ಗಳಿಗೆಯನ್ನು. ಪಂದ್ಯಗಳು ಕೈಜಾರುವುದು ಹೆಚ್ಚಾಗಿ ಅಲ್ಲಿಯೇ.

ಪ್ರಯೋಗಾಲಯದ ನಿಯಮ

ಎರಡು ಪಂದ್ಯ ಸೋತೊಡನೆ ವಿನ್ಯಾಸ, ಆಟಗಾರರು, ಪಾಸಿನ ಉದ್ದ, ಒತ್ತಡದ ತೀವ್ರತೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಸಾಮಾನ್ಯ. ಮೂರನೆಯ ಪಂದ್ಯ ಗೆದ್ದರೂ ಗೆಲುವಿಗೆ ಯಾವುದು ಕಾರಣವೆಂದು ತಿಳಿಯುವುದಿಲ್ಲ. ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಹೇಳುವ ನಿಯಮವೇ ಇಲ್ಲಿಗೂ ಸಲ್ಲುತ್ತದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದುದನ್ನು ಹಾಗೆಯೇ ಇಡಿ. ಹೊಸ ವ್ಯೂಹ ತಂಡಕ್ಕೆ ಮೈಗೂಡಲು ವಾರಗಳೇ ಬೇಕಾಗುವಂತೆ ಆಟವನ್ನು ರೂಪಿಸಿರುವುದರಿಂದ ತಾಳ್ಮೆಯೂ ಬೇಕು.

ಫಲಿತಾಂಶವನ್ನು ಓದುವುದೂ ಒಂದು ವಿದ್ಯೆ. 1-0 ಗೆಲುವು ಒಳ್ಳೆಯ ವ್ಯೂಹದ ಫಲವೋ, ಅದೃಷ್ಟವೋ? 2020ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಇದಕ್ಕೊಂದು ಅಳತೆಗೋಲು ಸಿಕ್ಕಿದೆ. ಪ್ರತಿ ಹೊಡೆತವೂ ಗೋಲಾಗುವ ಸಂಭವ ಎಷ್ಟಿತ್ತೆಂದು ಲೆಕ್ಕ ಹಾಕಿ, ಎಲ್ಲವನ್ನೂ ಕೂಡಿಸಿ 'ನಿರೀಕ್ಷಿತ ಗೋಲು' ಎಂದು ತೋರಿಸುತ್ತದೆ. ತಂಡ ಗೆದ್ದಿದೆ, ಆದರೆ ನಿರೀಕ್ಷಿತ ಗೋಲು ತನಗೆ 0.4, ಎದುರಾಳಿಗೆ 2.1 ಎಂದಿದ್ದರೆ ಸಂಭ್ರಮಿಸುವಂತಿಲ್ಲ. ಅದೇ ರೀತಿ ಸೋತ ಪಂದ್ಯದಲ್ಲೂ ವ್ಯೂಹ ಸರಿಯಾಗಿಯೇ ಇದ್ದಿರಬಹುದು. ಸಂಭವನೀಯತೆಯ ಪಾಠವನ್ನು ಪಗಡೆಯ ದಾಳದಿಂದ ಕಲಿತವರಿಗೆ ಇದು ಹೊಸದೇನಲ್ಲ.

ಇಲ್ಲೊಂದು ಆಮಿಷವೂ ಇದೆ. ಪಂದ್ಯಕ್ಕೆ ಮುಂಚೆ ಆಟವನ್ನು ಉಳಿಸಿಟ್ಟುಕೊಂಡು, ಸೋತರೆ ಹಿಂದಕ್ಕೆ ಹೋಗಿ ಅದೇ ಪಂದ್ಯವನ್ನು ಗೆಲ್ಲುವವರೆಗೂ ಆಡಬಹುದು. ಉತ್ತರ ನೋಡಿ ಲೆಕ್ಕ ಬಿಡಿಸಿದಂತೆ ಇದು. ಪ್ರಶಸ್ತಿ ಸಿಗುತ್ತದೆ, ಸೋಲು ಹೇಳಬೇಕೆಂದಿದ್ದ ಮಾತು ಮಾತ್ರ ಕೇಳಿಸುವುದಿಲ್ಲ. ಸೋತ ಪಂದ್ಯವನ್ನು ಹಾಗೆಯೇ ಒಪ್ಪಿಕೊಂಡು, ಗೋಲು ಬಿಟ್ಟುಕೊಟ್ಟ ಗಳಿಗೆಯನ್ನು ಮತ್ತೆ ನೋಡಿ, ಯಾರು ತನ್ನ ಜಾಗದಲ್ಲಿರಲಿಲ್ಲ ಎಂದು ನೋಟ್‌ಪುಸ್ತಕದಲ್ಲಿ ಬರೆದಿಡುವವನು ನಿಜವಾಗಿ ಕಲಿಯುತ್ತಾನೆ.

ಗೆದ್ದ ವ್ಯೂಹ ಸೋಲುವುದೇಕೆ?

ಮೊದಲ ವರ್ಷ ಪ್ರತಿದಾಳಿಯಿಂದ ಮಿಂಚಿದ ಸಣ್ಣ ತಂಡ ಎರಡನೆಯ ವರ್ಷ ಅದೇ ವ್ಯೂಹದಿಂದ ಒದ್ದಾಡುತ್ತದೆ. ತಂಡ ಕೆಟ್ಟದ್ದಲ್ಲ, ಹೆಸರು ಬೆಳೆದದ್ದು. ಹಿಂದೆ ಅಸಡ್ಡೆಯಿಂದ ಮುಂದೆ ನುಗ್ಗುತ್ತಿದ್ದ ಎದುರಾಳಿಗಳು ಈಗ ತಮ್ಮ ಗೋಲಿನ ಮುಂದೆ ಗೋಡೆ ಕಟ್ಟುತ್ತಾರೆ. ಓಡಿಹೋಗಲು ಬಯಲೇ ಇರುವುದಿಲ್ಲ. ಆಗ ತಾಳ್ಮೆಯ ಪಾಸ್, ಬದಿಗಳಿಂದ ಅಗಲವಾದ ಆಟ, ಕಾರ್ನರ್‌ಗಳ ತಯಾರಿ ಬೇಕಾಗುತ್ತದೆ. ಶಾಶ್ವತವಾಗಿ ಗೆಲ್ಲುವ ಸೂತ್ರವೊಂದು ಸಿಕ್ಕಿತೆಂದು ನಂಬಿದವರನ್ನು ಈ ಎರಡನೆಯ ವರ್ಷ ಎಚ್ಚರಿಸುತ್ತದೆ.

ಮನೆಯವರ ಚಿಂತೆ

ಇಷ್ಟೆಲ್ಲ ಹೇಳಿದ ಮೇಲೂ ತಂದೆತಾಯಿಯರ ಚಿಂತೆ ಅಕಾರಣವಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಒಂದು ತಂಡಕ್ಕೆ 38 ಪಂದ್ಯ. ಪರದೆಯ ಮೇಲೆ ಒಂದಕ್ಕೆ ಹತ್ತೇ ನಿಮಿಷ ಹಿಡಿದರೂ ಆರು ಗಂಟೆ ಮೀರುತ್ತದೆ. ಆಟಗಾರರ ಖರೀದಿ, ತರಬೇತಿಯ ಸಮಯ ಬೇರೆ. 'ಇನ್ನೊಂದೇ ಪಂದ್ಯ' ಎನ್ನುತ್ತ ಮಧ್ಯರಾತ್ರಿ ಕಳೆಯುವುದು ಇಲ್ಲಿ ಸುಲಭ. ಮೈದಾನದಲ್ಲಿ ಕತ್ತಲಾದರೆ ಆಟ ನಿಲ್ಲುತ್ತದೆ. ಪರದೆಯ ಮೇಲೆ ಕತ್ತಲಾಗುವುದಿಲ್ಲ. ಆದ್ದರಿಂದ ವಾರಕ್ಕೆ ಇಷ್ಟು ಗಂಟೆ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. 'ಆಟ ಸಾಕು ಮಾಡು' ಎನ್ನುವ ಬದಲು 'ಈ ಪಂದ್ಯ ಯಾಕೆ ಸೋತೆ?' ಎಂದು ಕೇಳಿ ನೋಡಬಹುದು. ಮಗ ಅಥವಾ ಮಗಳು ಕಾರಣವನ್ನು ವಿವರಿಸಬಲ್ಲರಾದರೆ ಅಲ್ಲಿ ಯೋಚನೆ ನಡೆದಿದೆ. 'ಗೊತ್ತಿಲ್ಲ' ಎಂದರೆ ಕಳೆದದ್ದು ಬರೀ ಹೊತ್ತು.

ಬೆಲ್ಜಿಯಂನಲ್ಲಿ ಹುಟ್ಟಿದ ವಿಲ್ ಸ್ಟಿಲ್ ಬಾಲ್ಯದಲ್ಲಿ ಈ ಆಟದ ಗೀಳು ಹತ್ತಿಸಿಕೊಂಡವರು. 2022ರ ಅಕ್ಟೋಬರ್‌ನಲ್ಲಿ, 30ನೇ ವಯಸ್ಸಿನಲ್ಲಿ, ಫ್ರಾನ್ಸಿನ ರೀಮ್ಸ್ ಕ್ಲಬ್ಬಿನ ಹೊಣೆ ಹೊತ್ತರು. ಅವರ ಕೈಕೆಳಗೆ ತಂಡ ಮೊದಲ 17 ಲೀಗ್ ಪಂದ್ಯಗಳಲ್ಲಿ ಸೋಲಲಿಲ್ಲ. ಕಂಪ್ಯೂಟರ್ ಆಟದಿಂದ ನೇರವಾಗಿ ತರಬೇತುದಾರನಾದನೆಂಬ ಮಾತು ಹಬ್ಬಿತು. ನಡುವಿನ ಹಾದಿಯನ್ನು ನೋಡಿದವರು ಕಡಿಮೆ. ಅವರು ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಕಾಲೇಜಿಗೆ ಹೋಗಿ ಫುಟ್‌ಬಾಲ್ ತರಬೇತಿ ಓದಿದ್ದರು. ಪಂದ್ಯಗಳ ವಿಡಿಯೊ ವಿಶ್ಲೇಷಿಸುವ ಕೆಲಸ ಮಾಡಿದ್ದರು. ಹಲವು ವರ್ಷ ಇತರರ ಸಹಾಯಕರಾಗಿ ದುಡಿದಿದ್ದರು. ಅತ್ಯುನ್ನತ ತರಬೇತಿ ಪರವಾನಗಿ ಇನ್ನೂ ಇಲ್ಲದಿದ್ದುದರಿಂದ ಕ್ಲಬ್ಬು ಪ್ರತಿ ಪಂದ್ಯಕ್ಕೂ 25,000 ಯೂರೊ ದಂಡ ಕಟ್ಟಬೇಕಾಯಿತು.

ಪರದೆಯ ಆಟಗಾರನ ಛಲಕ್ಕೆ 20ಕ್ಕೆ 15 ಎಂದು ಬರೆದಿರುತ್ತದೆ. ನಿಜವಾದ ಹುಡುಗನ ಮುಖದ ಮೇಲೆ ಅಂಥ ಅಂಕಿ ಇರುವುದಿಲ್ಲ. ಅದನ್ನು ಅವನೊಡನೆ ಮೈದಾನಕ್ಕೆ ಇಳಿದೇ ತಿಳಿಯಬೇಕು. ವ್ಯೂಹ ರಚಿಸುವ ಆಟ ಅಲ್ಲಿಗೆ ಹೋಗುವ ಆಸೆ ಹುಟ್ಟಿಸಿದರೆ ಸಾಕು, ತನ್ನ ಕೆಲಸ ಮಾಡಿದಂತೆ.